ತರಗೆಲೆಗೆ ಬೆಂಕಿ ಇಡಬೇಡಿ, ನಮಗೆ ಕೊಡಿ

ಮಾನ್ಯ ಸಂಪಾದಕರೇ,

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸಲು ಶುರು ಮಾಡುತ್ತವೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇರುವವರಿಗೆ ಇದು ಗೊತ್ತು, ಬೆಳಿಗ್ಗೆ ಗುಡಿಸಿದ ಜಾಗದಲ್ಲಿ ಮಧ್ಯಾಹ್ನಕ್ಕೆ ಮತ್ತೆ ಎಲೆ. ಮೊನ್ನೆ ವಾಕಿಂಗ್ ಹೋದಾಗ ಖಾಲಿ ಸೈಟಿನ ಮೂಲೆಯಲ್ಲಿ ಯಾರೋ ಆ ರಾಶಿಗೆ ಬೆಂಕಿ ಇಟ್ಟು ಹೋಗಿದ್ದರು. ಉರಿಯೋದೂ ಇಲ್ಲ, ಆರೋದೂ ಇಲ್ಲ, ಬರೀ ಹೊಗೆ. ಆದರೆ ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಮನೆಯಲ್ಲಿ ಗೊಬ್ಬರದ ಬಕೆಟ್ಟಿಗೆ ಹಾಕುವ ತರಗೆಲೆ ಮುಗಿದಿದೆ ಅಂತ, ಅದರ ಬದಲಿಗೆ ಹಿಂದಿನ ದಿನವಷ್ಟೇ ದುಡ್ಡು ಕೊಟ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತಂದಿದ್ದೆ!

ಮನೆಯಲ್ಲಿ ಗೊಬ್ಬರ ಮಾಡಿ ಎಂದರೆ ಎಲ್ಲರೂ ಹೇಳುವುದು ಒಂದೇ ಮಾತು, "ವಾಸನೆ ಬರುತ್ತೆ, ಹುಳ ಆಗುತ್ತೆ." ಸುಳ್ಳಲ್ಲ. ನನಗೂ ಆಗಿತ್ತು. ಹಳೇ ಪೇಂಟ್ ಬಕೆಟ್ಟಿಗೆ ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಟೀ ಚರಟ ಎಲ್ಲ ತುಂಬಿ, ಮೇಲೆ ಮುಚ್ಚಳ ಬಿಗಿದು ಬಾಲ್ಕನಿಯಲ್ಲಿ ಇಟ್ಟಿದ್ದೆ. ಹತ್ತು ದಿನ ಬಿಟ್ಟು ತೆಗೆದರೆ ಕೆಳಗೆ ಕಪ್ಪು ನೀರು, ಮೇಲೆ ಬಿಳಿ ಹುಳ, ಕೊಳೆತ ಮೊಟ್ಟೆಯಂಥ ನಾತ. ಶಿರಸಿ ಕಡೆಯಿಂದ ಬಂದಿದ್ದ ನಮ್ಮತ್ತೆ ಮೂಗು ಮುಚ್ಚಿಕೊಂಡು ಒಂದೇ ಪ್ರಶ್ನೆ ಕೇಳಿದರು: "ದರಕು ಎಲ್ಲಿ ಹಾಕಿದೀಯೆ?"

ಅವರ ಕಡೆ ತರಗೆಲೆಗೆ ದರಕು ಅಂತಾರೆ. ಬೇಸಿಗೆಯಲ್ಲಿ ಅದನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ, ದನ ತುಳಿದು ಸಗಣಿ ಗಂಜಳದ ಜೊತೆ ಬೆರೆತದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ, ಅಲ್ಲಿಂದ ಅಡಿಕೆ ತೋಟಕ್ಕೆ. ಆ ಸೊಪ್ಪು, ದರಕಿಗಾಗಿಯೇ ಬ್ರಿಟಿಷರ ಕಾಲದಿಂದ ಉತ್ತರ ಕನ್ನಡದ ತೋಟದವರಿಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ದರಕು ತರಲೆಂದೇ ಇರುವ ಕಾಡು, ಬಿಟ್ಟುಕೊಟ್ಟಿದ್ದಾರೆ. ಅಷ್ಟು ಬೆಲೆ ಬಾಳುವ ವಸ್ತುವಿಗೆ ನಾವಿಲ್ಲಿ ಕಡ್ಡಿ ಗೀರುತ್ತೇವೆ.

ಲೆಕ್ಕ ಇಷ್ಟೇ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 25-30 ಪಾಲು ಇಂಗಾಲ ಬೇಕು. ಅಡುಗೆಮನೆಯ ಹಸಿ ಕಸದಲ್ಲಿ ನೀರೇ ಜಾಸ್ತಿ, ಸಾರಜನಕವೂ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಇರುತ್ತದೆ, ಜೊತೆಗೆ ಅದು ನಡುವೆ ಗಾಳಿಗೆ ಜಾಗ ಬಿಡುತ್ತದೆ. ಗಾಳಿ ಇಲ್ಲದಿದ್ದರೆ ನಾತ ಬರಲೇಬೇಕು. ಈಗ ನಾನು ಬಕೆಟ್ಟಿನ ಸುತ್ತ ಕಾದ ಕಂಬಿಯಲ್ಲಿ ತೂತು ಹಾಕಿದ್ದೇನೆ, ಒಂದು ಬೋಗುಣಿ ಸಿಪ್ಪೆಗೆ ಎರಡು ಬೋಗುಣಿ ಪುಡಿ ಮಾಡಿದ ಎಲೆ, ಶುರುವಿಗೆ ಒಂದಿಷ್ಟು ಹುಳಿ ಮಜ್ಜಿಗೆ. ವಾರಕ್ಕೆರಡು ಸಲ ಕೆದಕಿ, ಒಂದು ಹಿಡಿ ತೆಗೆದು ಹಿಂಡಿ ನೋಡುತ್ತೇನೆ. ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಇನ್ನಷ್ಟು ಎಲೆ. ಉಂಡೆ ಕಟ್ಟದೆ ಪುಡಿಯಾದರೆ ನೀರು ಚಿಮುಕಿಸಬೇಕು. ಎರಡು ಮೂರು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಮೀನು, ಮಾಂಸ, ಎಣ್ಣೆ ಪದಾರ್ಥ ಮಾತ್ರ ಬಕೆಟ್ಟಿಗೆ ಹಾಕಲ್ಲ, ಇಲಿ ಬರುತ್ತವೆ. ಕೋಕೋಪೀಟ್ ಕೆಟ್ಟದ್ದೇನಲ್ಲ, ಆದರೆ ಅದು ಕೊಳೆಯುವುದು ಬಹಳ ನಿಧಾನ. ಎಲ್ಲಕ್ಕಿಂತ ಮುಖ್ಯ, ಎಲೆ ಪುಕ್ಕಟೆ.

ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ನಮಗೆ ವರ್ಷಗಳಿಂದ ಪಾಠ ಹೇಳುತ್ತಿದ್ದಾರೆ, ಹೇಳಲಿ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ಆ ನಾತ ಕುಡಿದು ಬೀದಿಗಿಳಿದದ್ದನ್ನು ನಾವು ಮರೆಯಬಾರದು. ಆದರೆ ಎಲೆಯ ಪಾಠ ಯಾಕೆ ಯಾರೂ ಹೇಳುವುದಿಲ್ಲ? ಉದ್ಯಾನದ ಕಸವನ್ನು ಬೇರೆಯಾಗಿ ಸಂಗ್ರಹಿಸಿ ಆದಷ್ಟೂ ಉದ್ಯಾನದಲ್ಲೇ ಗೊಬ್ಬರ ಮಾಡಬೇಕು, ಬೀದಿಯಲ್ಲಿ ಕಸ ಸುಡಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು.

ಗುಡಿಸುವವರನ್ನು ಬೈಯುವುದು ಸುಲಭ. ಅಷ್ಟು ಎಲೆ ಹೊರಲು ಅವರಿಗೆ ಚೀಲ ಕೊಟ್ಟವರು ಯಾರು, ಸುರಿಯಲು ಜಾಗ ತೋರಿಸಿದವರು ಯಾರು? ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಪಾರ್ಕಿನ ಮೂಲೆಯಲ್ಲಿ ಎದೆಮಟ್ಟದ ಒಂದು ತಂತಿ ಬಲೆಯ ಗೂಡು ಮಾಡಿಸಲಿ, ಬೀದಿಯ ಎಲೆ ಅದಕ್ಕೆ ಬೀಳಲಿ. ಬೇಕಾದವರು ಚೀಲ ತಂದು ತುಂಬಿಕೊಂಡು ಹೋಗಲಿ, ಉಳಿದದ್ದು ಮಳೆಗೆ ನೆನೆದು ಅಲ್ಲೇ ಗೊಬ್ಬರವಾಗುತ್ತದೆ.

ಅಲ್ಲಿಯವರೆಗೆ ನಮ್ಮ ಬೀದಿ ಗುಡಿಸುವ ಅಮ್ಮನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ಗೋಣಿಚೀಲ ನನ್ನದು, ಎಲೆ ತುಂಬಿ ಗೇಟಿನ ಪಕ್ಕ ಇಡುವುದು ಅವರು. "ಇದನ್ನ ಇಟ್ಕೊಂಡು ಏನ್ ಮಾಡ್ತೀರಕ್ಕಾ?" ಅಂತ ಮೊದಲು ನಕ್ಕಿದ್ದರು. ಹೋದ ವಾರ ಅವರ ಮನೆಯ ದಾಸವಾಳದ ಗಿಡಕ್ಕೆ ಅಂತ ಎರಡು ಕೆಜಿ ಗೊಬ್ಬರ ಕೇಳಿ ತೆಗೆದುಕೊಂಡು ಹೋದರು.

ಇಂತಿ,
ನಿಮ್ಮ ಓದುಗಳೊಬ್ಬಳು, ಬೆಂಗಳೂರು