ದಿವಾಳಿ ನಿಯಮ: ಮನೆ ಖರೀದಿದಾರರ ಗತಿಯೇನು?

ಮಾನ್ಯ ಸಂಪಾದಕರೇ,

ಸರ್ಜಾಪುರ ರಸ್ತೆ, ದೇವನಹಳ್ಳಿ ಕಡೆ ಫ್ಲ್ಯಾಟ್ ಬೆಲೆ ಗಗನಕ್ಕೇರಿದೆ. ತಳಪಾಯವೂ ಏಳದ ಕಟ್ಟಡಕ್ಕೆ ಜನ ಮುಂಗಡ ಕೊಡುತ್ತಿದ್ದಾರೆ. ಬಿಲ್ಡರ್ ಕೈಯೆತ್ತಿದರೆ?

2018ರಲ್ಲಿ, ಸಾಲ ತೀರಿಸಲಾಗದ ಕಂಪನಿಗಳಿಗೆ ಅನ್ವಯಿಸುವ ದಿವಾಳಿ ಸಂಹಿತೆಗೆ ತಿದ್ದುಪಡಿ ತಂದು, ಮನೆ ಖರೀದಿದಾರರಿಗೂ ಬ್ಯಾಂಕುಗಳಂತೆ ಹಣಕಾಸು ಸಾಲದಾತರ ಸ್ಥಾನ ಕೊಡಲಾಯಿತು. ಬಿಲ್ಡರ್ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಕೋರಿ ಖರೀದಿದಾರ ಒಬ್ಬರೇ ಕಂಪನಿ ಕಾನೂನು ನ್ಯಾಯಮಂಡಳಿಯ ಮೊರೆ ಹೋಗಬಹುದಿತ್ತು. 2020ರ ತಿದ್ದುಪಡಿ ಆ ಬಲವನ್ನು ಕಿತ್ತುಕೊಂಡಿತು. ಈಗ ಒಂದೇ ಯೋಜನೆಯ 100 ಮಂದಿ ಅಥವಾ ಶೇ 10ರಷ್ಟು ಖರೀದಿದಾರರು, ಯಾವುದು ಕಡಿಮೆಯೋ ಅಷ್ಟು ಜನ, ಒಟ್ಟಾಗಬೇಕು. ಸುಪ್ರೀಂ ಕೋರ್ಟ್ ಕೂಡ 2021ರಲ್ಲಿ ಇದನ್ನು ಎತ್ತಿಹಿಡಿಯಿತು.

ಒಬ್ಬರ ಅರ್ಜಿಯಿಂದ ಇಡೀ ಯೋಜನೆ ನಿಲ್ಲಬಾರದೆಂಬ ವಾದ ಒಪ್ಪತಕ್ಕದ್ದೇ. ಆದರೆ ಪಕ್ಕದ ಫ್ಲ್ಯಾಟ್ ಯಾರದೆಂದೇ ತಿಳಿಯದವರು, ಹಲವರು ಹೊರದೇಶದಲ್ಲಿರುವಾಗ, ಇಷ್ಟು ಸಹಿ ಕೂಡಿಸುವುದು ಹೇಗೆ? ಪ್ರಕ್ರಿಯೆ ಶುರುವಾದರೂ ಬಿಲ್ಡರ್ ಮೇಲಿನ ಮೊಕದ್ದಮೆಗಳಿಗೆ ತಡೆ ಸಿಗುತ್ತದೆಯೇ ಹೊರತು ಖರೀದಿದಾರರ ಗೃಹಸಾಲದ ಕಂತಿಗಲ್ಲ. ಕಂತನ್ನೂ ಬಾಡಿಗೆಯನ್ನೂ ಒಂದೇ ಸಂಬಳದಲ್ಲಿ ತೂಗಿಸುವ ಕುಟುಂಬಗಳ ಸಂಕಟ ಹೇಳತೀರದು.

ಬಿಲ್ಡರ್‌ಗಳಿಗೆ ಭಯ ತಗ್ಗಿದಷ್ಟೂ ಒಂದು ಯೋಜನೆಯ ಹಣವನ್ನು ಮತ್ತೊಂದು ಜಮೀನಿಗೆ ಸುರಿಯುವ ಚಾಳಿ ಬೆಳೆಯುತ್ತದೆ, ಜಮೀನಿನ ದರವೂ ಏರುತ್ತದೆ. ಖರೀದಿದಾರರು ಪರಸ್ಪರ ಸಂಪರ್ಕಿಸಿ ಒಪ್ಪಿಗೆ ದಾಖಲಿಸುವ ವ್ಯವಸ್ಥೆಯನ್ನು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲೇ ಕಲ್ಪಿಸಬೇಕು. ದಿವಾಳಿ ಪ್ರಕ್ರಿಯೆ ಮುಗಿಯುವವರೆಗೆ ಕಂತಿನಿಂದಲೂ ವಿನಾಯಿತಿ ಕೊಡಬೇಕು.

– ಓರ್ವ ಓದುಗ, ಬೆಂಗಳೂರು