ಆ ‘ಎಂಬ’ ಎಲ್ಲಿ ಹೋಯಿತು?

ಪ್ರೀತಿಯ ತಮ್ಮನಿಗೆ,

ನಿನ್ನ ಹಾಡು ಬಂತು. ಯೂತ್ ಮೀಟಿಂಗಿಗೆ ಅಂತ ಬರೆದದ್ದು, ಅಲ್ವಾ? ಎರಡು ಸಲ ಓದಿದೆ. ಆಮೇಲೆ ಟೀಗೆ ನೀರಿಟ್ಟು ಗಟ್ಟಿಯಾಗಿ ಹಾಡಿಯೂ ನೋಡಿದೆ. ತಾಳ ಚೆನ್ನಾಗಿ ಕೂತಿದೆ. ಪಲ್ಲವಿ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ಆದರೆ ಎರಡನೇ ಚರಣದಲ್ಲಿ ‘ಕತ್ತಿಯ ಹಿಡಿಯೋಣ, ವೈರಿಯ ತುಳಿಯೋಣ’ ಅಂದಿದ್ದೀಯ. ಅಲ್ಲಿ ನಿಂತುಬಿಟ್ಟೆ.

ಯಾವ ವೈರಿ? ನಿನಗೆ ಗೊತ್ತು, ನನಗೂ ಗೊತ್ತು. ಆದರೆ ಚರ್ಚಿನ ಮೈಕು ರಸ್ತೆಗೂ ಕೇಳಿಸುತ್ತದೆ. ಬಸ್ಸಿಗೆ ಕಾಯುತ್ತಾ ನಿಂತವನ ಕಿವಿಗೆ ಆ ಸಾಲು ಬಿದ್ದರೆ, ಅವನು ಮೊದಲು ಸುತ್ತಮುತ್ತ ನೋಡುತ್ತಾನೆ. ಆಮೇಲೆ ತನ್ನನ್ನೇ ನೋಡಿಕೊಳ್ಳುತ್ತಾನೆ.

ಹಾಡಿನಲ್ಲಿ ಯುದ್ಧದ ಮಾತೇ ಬೇಡ ಅಂತ ಹೇಳುವವರಿದ್ದಾರೆ. ನಾನು ಆ ಪೈಕಿ ಅಲ್ಲ. ಸಂಡೇ ಸ್ಕೂಲಿನಲ್ಲಿ ಬೆಂಚುಗಳ ನಡುವೆ ಕಾಲು ಬಡಿಯುತ್ತಾ ಅಂಥ ಹಾಡು ಹಾಡಿಯೇ ಬೆಳೆದವನು. ಈಗಲೂ ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ.

ಈ ಹಾಡುಗಳ ತವರು ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯ. ನಮ್ಮ ಕನ್ನಡ ಬೈಬಲಿನಲ್ಲಿ ಅದನ್ನು ಮತ್ತೊಮ್ಮೆ ನಿಧಾನವಾಗಿ ಓದು. ಸತ್ಯವೆಂಬ ನಡುಕಟ್ಟು. ನೀತಿಯೆಂಬ ವಜ್ರಕವಚ. ನಂಬಿಕೆಯೆಂಬ ಗುರಾಣಿ. ರಕ್ಷಣೆಯೆಂಬ ಶಿರಸ್ತ್ರಾಣ. ಪ್ರತಿ ಆಯುಧದ ಹಿಂದೆಯೂ ಒಂದು ‘ಎಂಬ’ ಇದೆ ನೋಡು. ವಚನಕಾರರಿಗೂ ಪ್ರೀತಿಯ ಮಾತು ಅದು. ಆ ಎರಡಕ್ಷರ ಇರುವ ತನಕ ಕತ್ತಿ ಒರೆಯೊಳಗೆ ಇರುತ್ತದೆ. ನಿನ್ನ ಚರಣದಲ್ಲಿ ಅದು ಬಿದ್ದುಹೋಗಿದೆ. ಮಾತ್ರೆ ಹೊಂದಿಸಲು ತೆಗೆದಿರಬೇಕು. ನಾನೂ ತೆಗೆದಿದ್ದೇನೆ, ನಿನ್ನ ವಯಸ್ಸಿನಲ್ಲಿ.

ಇನ್ನೂ ಒಂದಿದೆ. ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಜೊತೆಗಲ್ಲ ಅಂತ ಅದೇ ಅಧ್ಯಾಯ ಬಾಯಿಬಿಟ್ಟು ಹೇಳುತ್ತದೆ. ಆ ಪತ್ರ ಬರೆದವನು ತನ್ನನ್ನು ಬೇಡಿ ಬಿದ್ದಿರುವ ರಾಯಭಾರಿ ಅಂತ ಕರೆದುಕೊಳ್ಳುತ್ತಾನೆ. ಕೈಗೆ ಬೇಡಿ ಹಾಕಿಸಿಕೊಂಡವನು ಕವಚದ ಮಾತಾಡುತ್ತಿದ್ದಾನೆ! ಅವನು ಮತ್ತೆ ಮತ್ತೆ ಬಳಸುವ ಕ್ರಿಯಾಪದ ಯಾವುದು ಗೊತ್ತಾ? ‘ನಿಲ್ಲು’. ಹೋಗು, ನುಗ್ಗು, ತುಳಿ ಅಂತ ಎಲ್ಲೂ ಇಲ್ಲ.

‘ಆನ್‌ವರ್ಡ್ ಕ್ರಿಶ್ಚಿಯನ್ ಸೋಲ್ಜರ್ಸ್’ ಈ ಜಾತಿಯ ಹಾಡುಗಳಲ್ಲೆಲ್ಲ ಹೆಚ್ಚು ಬೈಸಿಕೊಂಡದ್ದು. ಅದು ಹುಟ್ಟಿದ್ದು ಮಕ್ಕಳಿಗಾಗಿ. 1860ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಹಾರ್ಬರಿ ಬ್ರಿಜ್‌ನಲ್ಲಿ ಸೇಬೈನ್ ಬೇರಿಂಗ್-ಗೂಲ್ಡ್ ಎಂಬ ಪಾದ್ರಿ ಇದ್ದರು. ಪೆಂತೆಕೊಸ್ತ ಹಬ್ಬದ ಮಾರನೇ ದಿನ ಅವರ ಶಾಲೆಯ ಮಕ್ಕಳು ಪಕ್ಕದ ಊರಿಗೆ ಮೆರವಣಿಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಹಾಡಲು ಏನಾದರೂ ಬೇಕಲ್ಲ ಅಂತ ರಾತ್ರಿ ಕೂತು ಬರೆದರು. ಅವಸರದಲ್ಲಿ ಬರೆದೆ, ಪ್ರಾಸ ಅಲ್ಲಲ್ಲಿ ಕೆಟ್ಟಿದೆ ಅಂತ ಆಮೇಲೆ ಅವರೇ ಒಪ್ಪಿಕೊಂಡರು. (ನೋಡು, ದೊಡ್ಡವರೂ ನಮ್ಮ ಹಾಗೇ.) ಅಂಥ ಅವಸರದಲ್ಲೂ ಎರಡನೇ ಸಾಲಿನಲ್ಲಿ ಒಂದು ಪುಟ್ಟ ಮಾತು ಇಟ್ಟರು: ಯುದ್ಧಕ್ಕೆ ಹೊರಟ ‘ಹಾಗೆ’. ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಪದ. ನಮ್ಮ ‘ಎಂಬ’ದ ತಂಗಿ ಅನ್ನು.

ಮುಂದೆ ಏನಾಯಿತು? 1871ರಲ್ಲಿ ಆರ್ಥರ್ ಸಲಿವನ್ ಅದಕ್ಕೆ ಹೊಸ ಧಾಟಿ ಹಾಕಿದರು. ಬ್ಯಾಂಡಿಗೆ ಹೇಳಿ ಮಾಡಿಸಿದಂಥ ಧಾಟಿ. ಕಾಲಿನ ಸದ್ದಿನಲ್ಲಿ ‘ಹಾಗೆ’ ಕೇಳಿಸದಂತಾಯಿತು. 1941ರ ಆಗಸ್ಟ್ 10, ಒಂದು ಭಾನುವಾರ. ನ್ಯೂಫೌಂಡ್‌ಲ್ಯಾಂಡಿನ ತೀರದಲ್ಲಿ ‘ಪ್ರಿನ್ಸ್ ಆಫ್ ವೇಲ್ಸ್’ ಯುದ್ಧನೌಕೆಯ ಮೇಲೆ ಚರ್ಚಿಲ್, ರೂಸ್‌ವೆಲ್ಟ್ ಮತ್ತು ನೂರಾರು ನಾವಿಕರು ಸೇರಿ ಅದನ್ನೇ ಹಾಡಿದರು. ನಾಲ್ಕು ತಿಂಗಳಿಗೆ ಸರಿಯಾಗಿ, ಡಿಸೆಂಬರ್ 10ಕ್ಕೆ, ಜಪಾನಿನ ವಿಮಾನಗಳು ಆ ಹಡಗನ್ನು ಮಲಯಾದ ಬಳಿ ಮುಳುಗಿಸಿದವು. ಅವತ್ತು ಹಾಡಿದ ಎಷ್ಟೋ ಹುಡುಗರು ನೀರಿನ ಪಾಲಾದರು. ಆ ಹಡಗಿನ ಮೇಲೆ ‘ಹಾಗೆ’ಗೆ ಜಾಗವೇ ಇರಲಿಲ್ಲ. ನಾನು ಅವರನ್ನು ದೂರುವುದಿಲ್ಲ. ಆದರೆ ಮಕ್ಕಳ ಹಾಡು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬರೆಯುವವರು ನೆನಪಿಡಬೇಕು.

ಜೂಲಿಯಾ ವಾರ್ಡ್ ಹೋವ್ 1861ರಲ್ಲಿ ಅಮೆರಿಕದ ಅಂತರ್ಯುದ್ಧದ ನಡುವೆ ಬರೆದ ‘ಬ್ಯಾಟಲ್ ಹಿಮ್ ಆಫ್ ದಿ ರಿಪಬ್ಲಿಕ್’ ಗೀತೆಯಲ್ಲಿ ಕತ್ತಿ ನಿಜವಾದದ್ದೇ. ಅದರ ಕೊನೆಯ ‘ಸಾಯೋಣ’ವನ್ನು ಈಗ ಎಷ್ಟೋ ಕಡೆ ‘ಬದುಕೋಣ’ ಅಂತ ತಿದ್ದಿ ಹಾಡುತ್ತಾರೆ. ನನಗೇನೋ ಆ ತಿದ್ದುಪಡಿ ಹಿಡಿಸುವುದಿಲ್ಲ. ಹುಡುಗರು ನಿಜವಾಗಿ ಸಾಯುತ್ತಿದ್ದಾಗ ಬರೆದ ಸಾಲು ಅದು.

ನೀನು ಪಾಠ ಕಲಿಯಬೇಕಾದ್ದು ರೆಜಿನಾಲ್ಡ್ ಹೀಬರ್ ಅವರಿಂದ. ಕಲ್ಕತ್ತೆಯ ಬಿಷಪ್ ಆಗಿದ್ದವರು, 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡರು. ಮರುವರ್ಷ ಅಚ್ಚಾದ ಅವರ ಒಂದು ಹಾಡು ‘ದೇವಕುಮಾರ ಯುದ್ಧಕ್ಕೆ ಹೊರಟ’ ಅಂತಲೇ ಶುರುವಾಗುತ್ತದೆ. ‘ಹಾಗೆ’ ಇಲ್ಲ, ‘ಎಂಬ’ ಇಲ್ಲ. ಅವನ ಹಿಂದೆ ಹೋಗುವವರು ಯಾರು ಅಂತ ಕೇಳುತ್ತಾರೆ. ನಾವು ಕುದುರೆ, ಈಟಿ ಕಾಯುತ್ತೇವೆ. ಬರುವವನು ಮೊದಲ ಕ್ರೈಸ್ತ ಹುತಾತ್ಮ ಸ್ತೆಫನ, ತನಗೆ ಕಲ್ಲೆಸೆದವರಿಗಾಗಿ ಪ್ರಾರ್ಥಿಸುತ್ತಾ. ಆಮೇಲೆ ಇನ್ನಷ್ಟು ಹುತಾತ್ಮರು. ಹಾಡಿನಲ್ಲಿ ಕತ್ತಿ ಇದೆ, ಆದರೆ ಅದು ಕೊಲ್ಲುವವರ ಕೈಯಲ್ಲಿದೆ. ದಂಡಿನಲ್ಲಿ ಹುಡುಗರೂ ಇದ್ದಾರೆ, ಹೆಂಗಸರೂ ಇದ್ದಾರೆ, ಎಲ್ಲರದೂ ಬರಿಗೈ. ಉಪಮೆಯ ಪದ ಬಿಟ್ಟೂ ಇಷ್ಟು ಮಾಡಬಹುದು. ಆದರೆ ಅದಕ್ಕೆ ಕೈ ಪಳಗಿರಬೇಕು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಫಿಲಡೆಲ್ಫಿಯಾದಲ್ಲಿ ಡಡ್ಲಿ ಟಿಂಗ್ ಎಂಬ ಬೋಧಕ ಗುಲಾಮಗಿರಿಯ ವಿರುದ್ಧ ಮಾತಾಡಿ ತನ್ನ ಸಭೆಯನ್ನೇ ಬಿಡಬೇಕಾಯಿತು. 1858ರ ಏಪ್ರಿಲಿನಲ್ಲಿ, ಕೊಟ್ಟಿಗೆಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಅವರ ಅಂಗಿಯ ತೋಳು ಸಿಕ್ಕಿತು. ಕೈ ಹೋಯಿತು, ಕೆಲವೇ ದಿನಕ್ಕೆ ಪ್ರಾಣವೂ ಹೋಯಿತು. ಯೇಸುವಿಗಾಗಿ ಎದ್ದು ನಿಲ್ಲಿ ಅಂತ ಹೇಳಿ ಹೋದರು. ಆ ಮಾತು ಹಿಡಿದು ಗೆಳೆಯ ಜಾರ್ಜ್ ಡಫೀಲ್ಡ್ ಬರೆದದ್ದು ‘ಸ್ಟ್ಯಾಂಡ್ ಅಪ್, ಸ್ಟ್ಯಾಂಡ್ ಅಪ್ ಫಾರ್ ಜೀಸಸ್’. ಅದರ ತುಂಬ ಬಾವುಟ, ಕಹಳೆ, ಸೈನ್ಯ. ಆದರೆ ಹಾಡಿನ ಹಿಂದಿರುವ ಸಿಪಾಯಿ ಒಂಟಿ ಕೈಯಲ್ಲಿ ಹಾಸಿಗೆ ಹಿಡಿದವನು. ಅದು ತಿಳಿದ ಮೇಲೆ ನನಗೆ ಆ ಹಾಡನ್ನು ಜೋರಾಗಿ ಹಾಡಲು ಆಗಿಲ್ಲ.

ಈಗ ನಿನ್ನ ಚರಣ. ‘ತುಳಿಯೋಣ’ ತೆಗೆ. ವೈರಿಗೆ ಹೆಸರು ಕೊಡು: ಹೊಟ್ಟೆಕಿಚ್ಚು, ಜಾತಿಯ ಜಂಬ, ನಾಳೆ ನೋಡೋಣ ಅನ್ನುವ ಸೋಮಾರಿತನ. ನಿನಗೆ ಯಾವುದು ಚುಚ್ಚುತ್ತದೋ ಅದು. ಸುಮ್ನೆ ‘ಪಾಪ’ ಅಂದು ಕೈ ತೊಳೆದುಕೊಳ್ಳಬೇಡ.

ಇನ್ನೊಂದು ಆಸೆ. ಎಫೆಸದವರ ಪತ್ರದ ಆ ಆಯುಧಗಳ ಪಟ್ಟಿಯಲ್ಲಿ ಕೆರಗಳೂ ಇವೆ, ಅಂದರೆ ಕಾಲಿನ ಮೆಟ್ಟು, ಸಮಾಧಾನದ ಸುವಾರ್ತೆ ಹೊತ್ತು ನಡೆಯುವ ಕೆರ. ಕತ್ತಿ ಗುರಾಣಿ ಬಗ್ಗೆ ಬೇಕಾದಷ್ಟು ಹಾಡು ಕೇಳಿದ್ದೇನೆ, ಕೆರದ ಬಗ್ಗೆ ಒಂದೂ ಕೇಳಿಲ್ಲ. ಮೂರನೇ ಚರಣ ಅದರ ಮೇಲೆ ಬರಿ. ‘ಕೆರ’ಕ್ಕೆ ಪ್ರಾಸ ಸಿಗದೆ ಒದ್ದಾಡಿದರೆ ಫೋನ್ ಮಾಡು, ರಾತ್ರಿ ಹತ್ತರ ತನಕ ಎಚ್ಚರ ಇರುತ್ತೇನೆ.

ಇಂತಿ,
ನಿನ್ನ ಅಣ್ಣ