ತೋಟ ವಹಿಸಿಕೊಳ್ಳಲಿರುವ ಮಗಳಿಗೆ

ವಿರಾಜಪೇಟೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಗೋಣಿಕೊಪ್ಪಲಿನ ವ್ಯಾಪಾರಿ ನಮ್ಮ ರೋಬಸ್ಟಾ ಕಾಫಿಯ ಚೆರ್ರಿಗೆ (ಸಿಪ್ಪೆಸಮೇತ ಒಣಗಿಸಿದ ಹಣ್ಣಿಗೆ) ಹೋದ ತಿಂಗಳಿಗಿಂತ ಕಡಿಮೆ ಬೆಲೆ ಹೇಳಿದನೆಂದು ನೊಂದು, ಬೆಳೆದದ್ದನ್ನೆಲ್ಲ ಸರ್ಕಾರವೇ ನಿಗದಿತ ದರಕ್ಕೆ ಕೊಳ್ಳಬೇಕೆಂದು ಬರೆದಿರುವೆ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮುಂದಿನ ವರ್ಷ ತೋಟದ ಲೆಕ್ಕ ನಿನ್ನ ಕೈಗೆ ಬರಲಿರುವುದರಿಂದ, ಈ ವಿಚಾರದಲ್ಲಿ ನಾನು ಕಂಡುಂಡದ್ದನ್ನು ಹೇಳದೆ ಇರಲಾರೆ.

ನೀನು ಕೇಳುತ್ತಿರುವುದಕ್ಕೆ ಬಹಳ ಹತ್ತಿರವಾದ ವ್ಯವಸ್ಥೆಯಲ್ಲಿಯೇ ನಾನು ಬೆಳೆದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಕೈತಪ್ಪಿದಾಗ, 1942ರ ಕಾಯಿದೆಯು ಬೆಳೆಗಾರರ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಫಸಲನ್ನು ಒಟ್ಟುಗೂಡಿಸುವ ಸಂಗ್ರಹಕ್ಕೆ, ಒಪ್ಪಿಸುವಂತೆ ಮಾಡಿತು. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ, ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಆ ಕಷ್ಟಕಾಲಕ್ಕೆ ಅದು ಆಸರೆಯಾಗಿತ್ತೆಂಬುದನ್ನು ನಾನು ಮರೆತಿಲ್ಲ. ಯುದ್ಧ ಮುಗಿದು ಅರ್ಧ ಶತಮಾನ ಕಳೆದರೂ ಅದು ಹಾಗೆಯೇ ಉಳಿಯಿತು. ನಿನ್ನ ಅಜ್ಜ ಕಣದಲ್ಲಿ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು ಲಾರಿಗೆ ಏರಿಸಿದ ದಿನ ಅವರ ಕೈಯಲ್ಲಿ ಉಳಿಯುತ್ತಿದ್ದುದು ರಸೀದಿಯೊಂದೇ. ಲೋಕದಲ್ಲಿ ಕಾಫಿಗೆ ಬೇಡಿಕೆ ಏರಿದೆಯೋ ಇಳಿದಿದೆಯೋ ಎಂಬುದನ್ನು ಆ ಕಾಗದ ಹೇಳುತ್ತಿರಲಿಲ್ಲ. ಹಳೆಯ ಗಿಡ ಕಿತ್ತು ಹೊಸದು ನೆಡಬೇಕೇ, ಗೊಬ್ಬರಕ್ಕೆ ಸಾಲ ಮಾಡಬಹುದೇ ಎಂಬುದನ್ನೆಲ್ಲ ಅವರು ಬರಿಯ ಅಂದಾಜಿನ ಮೇಲೆ ತೀರ್ಮಾನಿಸುತ್ತಿದ್ದರು.

ಬೆಲೆ ಎಂದರೆ ಕೈಗೆ ಬರುವ ಹಣವಷ್ಟೇ ಅಲ್ಲ ಮಗಳೇ, ಅದು ದೂರದಿಂದ ಬರುವ ಸುದ್ದಿ. 1992ರಲ್ಲಿ ಪೂಲ್‌ನ ಹಿಡಿತ ಸಡಿಲವಾಗತೊಡಗಿತು, 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ತಮ್ಮ ಫಸಲನ್ನು ತಾವೇ ಮಾರುವ ಹಕ್ಕು ಬಂತು. ಅದರ ನಡುವೆ, 1994ರಲ್ಲಿ, ಬ್ರೆಜಿಲ್‌ನ ತೋಟಗಳು ಕಡುಚಳಿಗೆ ಸುಟ್ಟುಹೋದಾಗ ಬೆಲೆ ಜಿಗಿಯಿತು. ಬ್ರೆಜಿಲ್ ಎಲ್ಲಿದೆಯೆಂದು ತಿಳಿಯದವರಿಗೂ ಕಾಫಿ ಕಡಿಮೆಯಾಗಿದೆ, ಇನ್ನಷ್ಟು ಬೆಳೆಯಿರಿ ಎಂಬ ಸಂದೇಶ ಆ ಬೆಲೆಯ ಮೂಲಕವೇ ಮುಟ್ಟಿತು. ನಮ್ಮ ಮನೆಗೆ ಪಂಪ್‌ಸೆಟ್ ಬಂದು, ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ತಿರುಗಿಸುವಂತಾದದ್ದು ಆ ಹಣದಿಂದಲೇ.

ಅದೇ ಬೆಲೆ 2001–02ರಲ್ಲಿ ನೆಲ ಕಚ್ಚಿತು. ವಿಯೆಟ್ನಾಂ ಅಪಾರವಾಗಿ ಬೆಳೆದಿತ್ತು. ಆಗ ನಾನು ದರ ಏರೀತೆಂದು ಕಾದು, ಚೀಲಗಳನ್ನು ಗೋದಾಮಿನಲ್ಲಿ ಕೂಡಿಟ್ಟು, ಕೊನೆಗೆ ಇನ್ನೂ ಕಡಿಮೆಗೆ ಮಾರಿದೆ. ಮೊದಲೇ ಮಾರಿದ್ದರೆ ಬ್ಯಾಂಕಿನ ಬಡ್ಡಿಯಾದರೂ ಉಳಿಯುತ್ತಿತ್ತು. ಕೂಡಿಟ್ಟ ಮಾಲಿಗೂ ಖರ್ಚು ಇದೆಯೆಂಬುದನ್ನು ಆ ವರ್ಷ ಕಲಿತೆ. ಕೂಲಿ ಕೊಡಲಾಗದೆ ರಾತ್ರಿ ನಿದ್ದೆ ಬಾರದ ದಿನಗಳವು. ಸೋತವನಿಗೆ ಸಾಲದ ಗಡುವು ಮುಂದೂಡಿ ಕೈ ಹಿಡಿಯುವುದು ನ್ಯಾಯವೆಂದೇ ಇಂದಿಗೂ ನಂಬುತ್ತೇನೆ, ಆದರೆ ಬೆಲೆಯನ್ನೇ ಕಟ್ಟಿಹಾಕಿದರೆ ಸುದ್ದಿ ನಿಂತುಹೋಗುತ್ತದೆ. ಅಂದು ಬೆಲೆ ಬಿದ್ದದ್ದರಿಂದಲೇ ನೆರಳುಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಹಬ್ಬಿಸಿದೆವು. ಆ ಮೆಣಸಿಗೂ 2017ರ ಡಿಸೆಂಬರ್‌ನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ವಿಧಿಸಿ, ಅದಕ್ಕಿಂತ ಅಗ್ಗದ ಹೊರದೇಶದ ಮೆಣಸನ್ನು ತಡೆಯಹೊರಟಿತು. ಆದರೂ ಮರುವರ್ಷ ನಮ್ಮ ಕೈಗೆ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಇನ್ನೊಂದು ಮಾತನ್ನು ತೋಟದಲ್ಲಿ ನಿಂತೇ ಹೇಳಬೇಕಿತ್ತು. ಮೇಲಿನ ಬಾಣೆಯಲ್ಲಿ, ಅಂದರೆ ಗದ್ದೆಗೆ ಸೇರಿದ ಮರಗಾಡಿನ ಜಮೀನಿನಲ್ಲಿ, ಸಿಲ್ವರ್ ಓಕ್ ಮರ ಏಕೆ ಅಷ್ಟು ಒತ್ತಾಗಿದೆಯೆಂದು ನೀನು ಚಿಕ್ಕಂದಿನಲ್ಲಿ ಕೇಳಿದ್ದೆ. ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯ ಬೀಟೆ, ಹೊನ್ನೆಯಂಥ ಕಾಡುಮರಗಳ ಮೇಲೆ ಸಾಗುವಳಿದಾರನಿಗೆ ಪೂರ್ಣ ಹಕ್ಕಿರಲಿಲ್ಲ, ಕಡಿಯಲು ಅನುಮತಿಗಾಗಿ ಅಲೆಯಬೇಕಿತ್ತು. ಸಿಲ್ವರ್ ಓಕ್ ಅನ್ನು ಮಾತ್ರ ಸುಲಭವಾಗಿ ಕಡಿದು ಮಾರಬಹುದಿತ್ತು. ಹೀಗಿರುವಾಗ ತಾನಾಗಿ ಹುಟ್ಟಿದ ಬೀಟೆಯ ಸಸಿಯನ್ನು ಕಳೆ ತೆಗೆಯುವಾಗ ಉಳಿಸುವವರು ಯಾರು? ನಾನೇ ಎಷ್ಟೋ ಸಸಿಗಳನ್ನು ಕತ್ತಿಯಿಂದ ಸವರಿದ್ದೇನೆ, ಅದಕ್ಕಾಗಿ ಈಗ ಮರುಗುತ್ತೇನೆ. ಕಾಡನ್ನು ಕಾಯಲೆಂದು ಮಾಡಿದ ನಿಯಮವೇ ಕಾಡುಮರದ ಸಸಿಗೆ ಮುಳುವಾಯಿತು. ಮುಕ್ತ ಮಾರುಕಟ್ಟೆಯೆಂದರೆ ಕಾನೂನಿಲ್ಲದ ಬಯಲೆಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ. ಇದು ನನ್ನದು, ಇದರ ಫಲವೂ ನಷ್ಟವೂ ನನ್ನದು ಎಂಬುದನ್ನು ಕಾನೂನು ಗಟ್ಟಿಯಾಗಿ ಹೇಳಿದಲ್ಲಿಯೇ ಮನುಷ್ಯ ಮೂವತ್ತು ವರ್ಷ ಮುಂದಿನದನ್ನು ಯೋಚಿಸಿ ಗಿಡ ನೆಡುತ್ತಾನೆ.

ಇನ್ನು ಆ ವ್ಯಾಪಾರಿಯ ವಿಷಯ. ಅವನ ಮೇಲೆ ಸಿಟ್ಟಾಗುವ ಮೊದಲು, ಅದೇ ಚೀಲದಿಂದ ತೆಗೆದ ಮಾದರಿಯನ್ನು ಸಿದ್ದಾಪುರದಲ್ಲಿಯೂ ಕುಶಾಲನಗರದಲ್ಲಿಯೂ ತೋರಿಸು. 50 ಕಿಲೋ ಚೆರ್ರಿಗೆ 26 ಕಿಲೋ ಬೀಜ ಬರುತ್ತದೆಂದು ಒಬ್ಬ, 28 ಎಂದು ಇನ್ನೊಬ್ಬ ಹೇಳಿದರೆ ಅಲ್ಲಿಯೇ ಕುಳಿತು ಸಿಪ್ಪೆ ಬಿಡಿಸಿ ತೂಗಿಸು. ಮೂವರ ಔಟ್‌ಟರ್ನ್ (ಇಷ್ಟು ಚೆರ್ರಿಗೆ ಇಷ್ಟು ಬೀಜವೆಂಬ ಲೆಕ್ಕ) ಮತ್ತು ದರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹುತ್ತರಿ ಹಬ್ಬಕ್ಕೆ ಬರುವಾಗ ತಾ, ಇಬ್ಬರೂ ಕುಳಿತು ನೋಡೋಣ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ